ಡೌನ್‌ಲೋಡ್ ಎಣಿಸಿದರೆ ಬಳಸುವವರ ಲೆಕ್ಕ ಸಿಗದು

ಮಾನ್ಯ ಸಂಪಾದಕರೇ,

ಓಪನ್ ಸೋರ್ಸ್ (ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟ) ತಂತ್ರಾಂಶಗಳಲ್ಲಿ ಯಾವುದು ಎಷ್ಟು ಜನಪ್ರಿಯ ಎಂದು ಡೌನ್‌ಲೋಡ್ ಸಂಖ್ಯೆ ನೋಡಿ ಪಟ್ಟಿ ಮಾಡಿದ ಲೇಖನವನ್ನು ಕಳೆದ ಭಾನುವಾರದ ಪುರವಣಿಯಲ್ಲಿ ಓದಿದೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಅಂಕಿ ಕಂಡರೆ ತಾಳೆ ನೋಡುವ ಚಟ ಇನ್ನೂ ಬಿಟ್ಟಿಲ್ಲ. ಈ ಲೆಕ್ಕ ತಾಳೆಯಾಗುವುದಿಲ್ಲ.

ನಮ್ಮ ಕನ್ನಡ ಸಂಘದಲ್ಲಿ ಯಾರೋ ದಾನ ಕೊಟ್ಟ 9 ಹಳೆಯ ಕಂಪ್ಯೂಟರುಗಳಿವೆ. ಮನೆಯಲ್ಲಿ ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ಲಿಬ್ರೆಆಫೀಸ್ ಎಂಬ ಪುಕ್ಕಟೆ ತಂತ್ರಾಂಶವನ್ನು ಒಂದೇ ಸಲ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಒಯ್ದು ಒಂಬತ್ತಕ್ಕೂ ಹಾಕಿದೆ. ಅವುಗಳಲ್ಲಿ ದಿನಾ ತೆರೆಯುವುದು ನಾಲ್ಕು; ಉಳಿದವು ಬಟ್ಟೆ ಹೊದ್ದು ಕೂತಿವೆ. ಹಾಗಾದರೆ ಲೆಕ್ಕ ಒಂದೋ, ಒಂಬತ್ತೋ, ನಾಲ್ಕೋ? ಹೊಸ ಆವೃತ್ತಿ ಬಂದಾಗ ಅದೇ ಮನುಷ್ಯ ಮತ್ತೆ ಇಳಿಸಿಕೊಂಡರೆ ಇನ್ನೊಂದು ಕೂಡುತ್ತದೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಓಪನ್ ಸೋರ್ಸ್ ವ್ಯವಸ್ಥೆ ಹಾಕಿಕೊಂಡವರಿಗೋ ಅದು ಹೆಚ್ಚಾಗಿ ಲಿನಕ್ಸ್ ಜೊತೆಗೇ ಬರುತ್ತದೆ, ಲಿಬ್ರೆಆಫೀಸ್ ತಾಣದ ಎಣಿಕೆಗೆ ಸಿಗುವುದೇ ಇಲ್ಲ.

ಇನ್ನು ಹೆಸರಿನ ಬಲ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಲಿಬ್ರೆಆಫೀಸ್ ಹುಟ್ಟಿತು. ತಂತ್ರಾಂಶ ಕಟ್ಟುವ ಕೆಲಸ ಮಾಡುವವರಲ್ಲಿ ಬಹುಪಾಲು ಜನ ಈಚೆ ಬಂದರೂ, ಹಳೆಯ ಹೆಸರು ಕೇಳಿ ಗೊತ್ತಿದ್ದವರು ಇಂದಿಗೂ ಅದನ್ನೇ ಹುಡುಕಿ ಇಳಿಸಿಕೊಳ್ಳುತ್ತಾರೆ.

ಲೇಖಕರು ಗಿಟ್‌ಹಬ್ (ತಂತ್ರಾಂಶಗಳ ಕೋಡ್ ಇಡುವ ತಾಣ) ಮೆಚ್ಚುಗೆಯ ನಕ್ಷತ್ರಗಳನ್ನೂ ನೆಚ್ಚಿಕೊಂಡಿದ್ದಾರೆ. ಒಂದು ಕ್ಲಿಕ್ಕಿನ ನಕ್ಷತ್ರ ಅದು, ದುಡ್ಡು ಕೊಟ್ಟರೂ ಸಿಗುತ್ತದೆ. ಲಿನಕ್ಸ್‌ನ ಬಗೆಬಗೆಯ ರೂಪಗಳನ್ನು ಪಟ್ಟಿ ಮಾಡುವ ಡಿಸ್ಟ್ರೋವಾಚ್ ತಾಣದ ಶ್ರೇಯಾಂಕವೂ ಒಂದೊಂದರ ಪುಟ ನೋಡಿದವರ ಎಣಿಕೆಯಷ್ಟೇ. ಬಳಕೆಗೆ ಇದು ಅಳತೆಯಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ನನಗೆ ಹಿಡಿಸಿದ್ದು ಡೆಬಿಯನ್ ಎಂಬ ಲಿನಕ್ಸ್ ರೂಪದವರ ಪಾಪ್‌ಕಾನ್ ಎಣಿಕೆ. ಒಪ್ಪಿದವರ ಕಂಪ್ಯೂಟರಿನಿಂದ ಮಾತ್ರ ವಾರಕ್ಕೊಮ್ಮೆ ವರದಿ ತರಿಸಿಕೊಂಡು, ಹಾಕಿಟ್ಟದ್ದು ಎಷ್ಟು, ಈಚೆಗೆ ನಿಜವಾಗಿ ಬಳಸಿದ್ದು ಎಷ್ಟು ಎಂದು ಬೇರೆ ಬೇರೆ ಕಾಲಮ್ಮಿನಲ್ಲಿ ತೋರಿಸುತ್ತದೆ. ಒಪ್ಪುವವರು ಕಡಿಮೆ ಎನ್ನುವ ಕೊರತೆ ಇದ್ದೇ ಇದೆ. ಆದರೂ ಹಾಕಿಟ್ಟು ಬಳಸದೆ ಬಿಟ್ಟದ್ದರ ಗುಟ್ಟು ಅದರಲ್ಲಿ ರಟ್ಟಾಗುತ್ತದೆ.

ಬಳಸುವವರ ಅಭಿಪ್ರಾಯ ಹೇಗೆ ಹುಟ್ಟುತ್ತದೆ ಎಂಬುದನ್ನಂತೂ ಯಾವ ಅಂಕಿಯೂ ಹೇಳದು. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ಹಳೆಯ ಕಡತವನ್ನು ತೆರೆದಾಗ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. "ಪುಕ್ಕಟೆ ಸಿಕ್ಕಿದ್ದು ಹೀಗೇ ಮಾರಾಯ್ರೆ, ಕನ್ನಡವನ್ನೇ ಹಾಳು ಮಾಡಿತು," ಎಂದರು ನಮ್ಮ ಕಾರ್ಯದರ್ಶಿಗಳು. ಆ ಕಡತ ಯೂನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಕೊಡುವ ಪದ್ಧತಿ) ಮೊದಲಿನ ‘ನುಡಿ’ ಎಂಬ ಕನ್ನಡ ಫಾಂಟಿನಲ್ಲಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟು ತಂದ ವರ್ಡ್‌ನಲ್ಲಿ ತೆರೆದರೂ ಅದೇ ಗತಿ. ಫಾಂಟ್ ಹಾಕಿದೆ, ಅಕ್ಷರ ಸರಿಹೋಯಿತು. ಕಾರ್ಯದರ್ಶಿಗಳ ಅಭಿಪ್ರಾಯ ಸರಿಹೋಗಲಿಲ್ಲ. ಮುಂಬಯಿಯಲ್ಲಿ ಫುಕಟ್ ಎಂದರೆ ಕಳಪೆ ಎಂದೇ ಅರ್ಥ ತಾನೇ!

ಸಮೀಕ್ಷೆಯವರು ಬಂದು "ನೀವು ಓಪನ್ ಸೋರ್ಸ್ ಬಳಸುತ್ತೀರಾ?" ಎಂದು ಕೇಳಿದರೆ ನಮ್ಮ ಕಾರ್ಯದರ್ಶಿಗಳು ಖಂಡಿತ ಇಲ್ಲವೆನ್ನುತ್ತಾರೆ. ಅವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಲಿನಕ್ಸ್ ಇದೆ, ಮಾಹಿತಿ ಕೂಡಿಡಲು ಅದರೊಳಗೆ ಎಸ್‌ಕ್ಯೂಲೈಟ್ ಇದೆ. ಮೊಮ್ಮಗಳ ನಾಮಕರಣದ ವಿಡಿಯೋ ನೋಡುವುದು ವಿಎಲ್‌ಸಿಯಲ್ಲಿ. ಮೂರೂ ಓಪನ್ ಸೋರ್ಸೇ. ಆದ್ದರಿಂದ ಕೇಳುವುದಾದರೆ ಯಾವ ಕೆಲಸ ಯಾವುದರಲ್ಲಿ ಮಾಡುತ್ತೀರಿ, ಎಲ್ಲಿ ತಡವರಿಸಿದಿರಿ ಎಂದು ಕೇಳಬೇಕು. ಪಟ್ಟಿ ಅಚ್ಚು ಹಾಕುವಾಗ ಅದರಲ್ಲಿ ಎಣಿಸಿದ್ದು ಏನನ್ನು ಎಂದು ಕೆಳಗೊಂದು ಸಾಲು ಸೇರಿಸಿದರೆ ನಿಮ್ಮ ಪುರವಣಿಗೆ ಜಾಗವೇನೂ ಹೆಚ್ಚು ಹಿಡಿಯದು.

ಅಂದಹಾಗೆ, ಈ ಪತ್ರವನ್ನು ಲಿಬ್ರೆಆಫೀಸ್‌ನಲ್ಲಿ, ಯೂನಿಕೋಡ್‌ನಲ್ಲಿ ಬರೆದು ಕಳಿಸಿದ್ದೇನೆ. ನಿಮ್ಮಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ ಮೊದಲು ಫಾಂಟ್ ನೋಡಿ.

ಇತಿ,
ನಿಮ್ಮ ಹಳೆಯ ಓದುಗ,
ಡೊಂಬಿವಲಿ (ಪೂರ್ವ)