ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. ನಾಳೆ ಬೆಳಿಗ್ಗೆ ನಮ್ಮ ಪತ್ರಿಕೆಯ ಪುಟಗಳು ಅಚ್ಚಿಗೆ ಹೋಗಬೇಕು. ಮನೆಯವರೆಲ್ಲ ಮಲಗಿದ ಮೇಲೆ ಈ ಸಾಲುಗಳನ್ನು ಬರೆಯುತ್ತಿದ್ದೇನೆ. ರಾಜ್ಯೋತ್ಸವದ ಬಗ್ಗೆ ಬರೆಯಬೇಕು ಅಂತ ಇತ್ತು. ಆದರೆ ಹೋದ ಶನಿವಾರ ಇಲ್ಲಿ ಲಂಡನ್ ಕಡೆಯ ನಮ್ಮ ಕನ್ನಡ ತರಗತಿಯಲ್ಲಿ ಒಂದು ಮಗು ಕೇಳಿದ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿದೆ.

ಮಕ್ಕಳಿಗೆ ನೀರು ತುಂಬುವ ಹಬ್ಬದ ಚಿತ್ರ ತೋರಿಸುತ್ತಿದ್ದೆ. ಹಂಡೆ, ಒಲೆ, ತಂಬಿಗೆ. ‘ಆಂಟಿ, ಸ್ನಾನ ಆದ್ಮೇಲೆ ಆ ನೀರು ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿದಳು. ಹಿತ್ತಲಿನ ಬಾಳೆಗಿಡಕ್ಕೆ ಅಂದೆ. ‘ಶಾಂಪೂ ಕುಡಿದ್ರೆ ಗಿಡ ಸಾಯಲ್ವಾ?’ ಆಗ ಶಾಂಪೂ ಇರಲಿಲ್ಲ ಪುಟ್ಟಾ ಅಂದೆ. ‘ಹಾಗಾದ್ರೆ ನಮ್ಮನೆ ನೀರು ಎಲ್ಲಿಗೆ ಹೋಗುತ್ತೆ?’ ಹಿಂದೆ ಕೂತಿದ್ದ ಅಪ್ಪ ಅಮ್ಮಂದಿರೂ ಒಬ್ಬರ ಮುಖ ಒಬ್ಬರು ನೋಡಿದರು.

ವಿಜಯಪುರದಲ್ಲಿ ಬೆಳೆದವರು ಈ ಪ್ರಶ್ನೆಗೆ ತಡವರಿಸುವ ಹಾಗಿರಲಿಲ್ಲ. ನಮ್ಮ ಮನೆ ಇದ್ದದ್ದು ತಾಜ್ ಬಾವಡಿ ಅನ್ನುವ ಹಳೆಯ ದೊಡ್ಡ ಬಾವಿಯ ಕಡೆಯ ಓಣಿಯಲ್ಲಿ. ನಳಕ್ಕೆ ನೀರು ಬರುವ ದಿನ ಇಡೀ ಓಣಿ ನಸುಕಿಗೇ ಎದ್ದು ಕೂತಿರುತ್ತಿತ್ತು. ಕೊಡ, ಬಕೆಟ್ಟು, ಪೀಪಾಯಿ ತುಂಬಿದ ಮೇಲೆ ಅಡುಗೆಯ ಪಾತ್ರೆಗಳ ಸರದಿ. ನಳದ ನೀರು ಕುಡಿಯುವುದಕ್ಕೆ, ಬಾವಿಯ ಸವುಳು ನೀರು ಬಳಸುವುದಕ್ಕೆ. ಆ ನೀರಿನಲ್ಲಿ ಸಬಕಾರ ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ. ನಮ್ಮ ಜಿಲ್ಲೆಯ ಡೋಣಿ ನದಿಯ ನೀರೇ ಉಪ್ಪು, ಇನ್ನು ಬಾವಿಗಳದ್ದು ಏನು ಹೇಳೋಣ.

ಹಬ್ಬದ ಹಿಂದಿನ ಸಂಜೆ ಅವ್ವ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಹಂಡೆಯ ಕೊರಳಿಗೆ ಚೆಂಡು ಹೂವಿನ ಸರ, ಮೈಗೆ ಸುಣ್ಣ, ಕೆಮ್ಮಣ್ಣಿನ ಪಟ್ಟಿ. ನಸುಕಿನಲ್ಲಿ ತೊಗರಿ ಕಟ್ಟಿಗೆಯ ಒಲೆ ಹೊತ್ತುತ್ತಿತ್ತು. ಆ ಹೊಗೆಯ ವಾಸನೆ ನಿಮಗೂ ಈಗ ಬಂತು ಅಲ್ವಾ? ಆಯಿ, ಅಂದರೆ ನಮ್ಮ ಅಜ್ಜಿ, ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿ, ಬೆನ್ನು, ಮೊಣಕಾಲಿಗೆಲ್ಲ ತಿಕ್ಕುತ್ತಿದ್ದಳು. ಎಣ್ಣೆ ಇಳಿಸುವುದಕ್ಕೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ. ಮೈ ಉಜ್ಜುವುದಕ್ಕೆ ಬೇಲಿಯ ಮೇಲೆ ಒಣಗಿದ ಹೀರೆಕಾಯಿಯ ನಾರು. ಸೀಗೆಕಾಯಿ ಕಣ್ಣಿಗೆ ಹೋಗಿ ನಾನು ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಂಡರೆ ಹೊರಗಿನಿಂದಲೇ ಆಯಿಯ ದನಿ: ‘ಸಾವಕಾಶ ಸುರಕೋ ತಂಗಿ. ಅದರಾಗ ಇನ್ನಾ ನಾಕ ಮಂದಿ ಮೈ ತೊಳಕೋಬೇಕು.’

ಬಚ್ಚಲ ಕಲ್ಲಿನ ಮೇಲೆ ಬಿದ್ದ ನೀರು ಗೋಡೆಯ ಕಿಂಡಿಯಿಂದ ಹೊರಗೆ ಹರಿದು, ಆಯಿ ಸಲಿಕೆಯಿಂದ ಮಾಡಿದ ಕಾಲುವೆ ಹಿಡಿದು ಬಾಳೆಗೆ, ಅಲ್ಲಿಂದ ಕರಿಬೇವಿಗೆ, ಉಳಿದಿದ್ದರೆ ದಾಸವಾಳಕ್ಕೆ ಹೋಗುತ್ತಿತ್ತು. ಬಾಳೆಗೆ ಸಾಕಾಯಿತು ಅನಿಸಿದರೆ ಒಂದು ಹೆಂಟೆ ಮಣ್ಣು ಅಡ್ಡ ಇಟ್ಟು ದಾರಿ ತಿರುಗಿಸುತ್ತಿದ್ದಳು. ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ. ಹಳೆಯ ನಾರು ತಿಪ್ಪೆಗೆ. ಗಿಡಕ್ಕೆ ಆಗದ್ದು ಯಾವುದೂ ಆ ಬಚ್ಚಲಿಗೆ ಬರುತ್ತಲೇ ಇರಲಿಲ್ಲ. ಪರಿಸರ ಅಂತ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ. ಹೊತ್ತು ತಂದವರಿಗೆ ನೀರಿನ ಲೆಕ್ಕ ಗೊತ್ತಿತ್ತು, ಅಷ್ಟೆ.

ನಮ್ಮೂರಿಗೆ ಈ ಲೆಕ್ಕ ಹಳೆಯದು. ತಾಜ್ ಬಾವಡಿ ಕಟ್ಟಿದ್ದು 1620ರಲ್ಲಿ. 1651ರಲ್ಲಿ ಸುಲ್ತಾನ ಮಹಮ್ಮದ್ ಆದಿಲ್ ಶಾ ಬೇಗಂ ತಲಾಬ್ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತಂದ. ನೀರಿನ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಅನ್ನುವ ಗೋಪುರಗಳು ಇವತ್ತಿಗೂ ಅಲ್ಲಲ್ಲಿ ನಿಂತಿವೆ. ಅಂಥ ಬಾವಡಿಯನ್ನೂ ಮುಂದೆ ಬಟ್ಟೆ ಒಗೆದು, ಕಸ ಹಾಕಿ, ಬಣ್ಣದ ಮೂರ್ತಿ ಮುಳುಗಿಸಿ ಕೆಡಿಸಿದೆವು. ಅದನ್ನು ನೋಡಿ ಬೆಳೆದವಳಾಗಿ ಹೇಳುತ್ತಿದ್ದೇನೆ, ಕೊಳೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದನ್ನು ಬಿಟ್ಟ ದಿನವೇ ಒಳ್ಳೆಯ ನೀರೂ ಕೆಡಲು ಶುರು.

ಈಗ ಆ ಮಗುವಿಗೆ ಉತ್ತರ. ಲಂಡನ್ ಸುತ್ತಲಿನ ನಮ್ಮ ಮನೆಗಳ ನೀರು ಚರಂಡಿಯಿಂದ ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿಂದ ನದಿ ಸೇರುತ್ತದೆ. ಲಂಡನ್ನಿನ ಹಳೆಯ ಚರಂಡಿಗಳಲ್ಲಿ ಮಳೆ ನೀರೂ ಕೊಳಚೆಯೂ ಒಟ್ಟಿಗೇ ಹರಿಯುತ್ತವೆ. ಜೋರು ಮಳೆ ಬಂದರೆ ತುಂಬಿ, ಶುದ್ಧವಾಗದೇ ಥೇಮ್ಸ್‌ಗೆ ಬೀಳುತ್ತಿತ್ತು. ಅದನ್ನು ತಡೆಯಲೆಂದೇ 25 ಕಿಲೋಮೀಟರ್ ಉದ್ದದ ಸುರಂಗ ತೋಡಿದ್ದಾರೆ. 2017ರಲ್ಲಿ ವೈಟ್‌ಚಾಪೆಲ್‌ನ ಚರಂಡಿಯಲ್ಲಿ ಸಿಕ್ಕ ಜಿಡ್ಡಿನ ಗಡ್ಡೆ ನೆನಪಿದೆಯಾ? 250 ಮೀಟರ್ ಉದ್ದ, 130 ಟನ್ ತೂಕ. ಅಡುಗೆ ಮನೆಯ ಎಣ್ಣೆ, ಬಚ್ಚಲು ಮನೆಯ ಒದ್ದೆ ವೈಪ್ಸ್, ಡೈಪರು ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಹಾಗಾಗಿ ಈ ಹಬ್ಬಕ್ಕೆ ಮೊದಲ ವಿನಂತಿ ಎಣ್ಣೆ ಸ್ನಾನದ್ದು. ಖಂಡಿತ ಮಾಡಿ, ಮಕ್ಕಳಿಗೂ ಮಾಡಿಸಿ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಇಲ್ಲಿನ ಚಳಿಗೆ ಕೊಳವೆಯೊಳಗೆ ಏನಾಗಬಹುದು ಯೋಚಿಸಿ. ನೀರು ಹಾಕಿಕೊಳ್ಳುವ ಮೊದಲು ಮೈಯ ಎಣ್ಣೆಯನ್ನು ಹಳೆಯ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಸೀಗೆಕಾಯಿ, ಅಂಟುವಾಳವನ್ನು ಪುಡಿಯಾಗಿ ಹಾಕಬೇಡಿ, ಹಿಂದಿನ ರಾತ್ರಿ ನೆನೆಸಿ, ಕುದಿಸಿ, ಸೋಸಿ. ಚರಟ ಕುಂಡದ ಗಿಡಕ್ಕೆ ಹಾಕಿ. ಇಲ್ಲಿನ ನೀರೂ ನಮ್ಮೂರಿನದರಂತೆ ಗಡಸು, ಕೆಟಲ್ ತಳ ನೋಡಿದರೆ ಗೊತ್ತಾಗುತ್ತದೆ. ಗಡಸು ನೀರಿನಲ್ಲಿ ಸೋಪು ಬಿಳಿ ಕಲ್ಮಷವಾಗಿ ಕೂದಲಿಗೆ ಅಂಟುತ್ತದೆ. ಸೀಗೆಕಾಯಿಯ ನೊರೆ ಹಾಗೆ ಮಾಡುವುದಿಲ್ಲ.

ಶವರಿನ ಮಾತು. ಸಾಮಾನ್ಯ ಶವರಿನಲ್ಲಿ ನಿಮಿಷಕ್ಕೆ 8ರಿಂದ 12 ಲೀಟರ್ ಹೋಗುತ್ತದೆ. ಹತ್ತು ನಿಮಿಷ ನಿಂತರೆ ಸುಮಾರು 100 ಲೀಟರ್, ಅದೂ ಕಾಸಿದ ನೀರು. ಒಂದು ಬಕೆಟ್ಟು ಹೆಚ್ಚೆಂದರೆ 20 ಲೀಟರ್. ಚಳಿಗಾಲದಲ್ಲಿ ತಂಬಿಗೆ ಸ್ನಾನ ಕಷ್ಟ ಅನ್ನುವವರು ಶವರನ್ನೇ ನಾಲ್ಕು ನಿಮಿಷಕ್ಕೆ ಮುಗಿಸಿ. ಬಿಸಿ ನೀರು ಬರುವವರೆಗೆ ಸುಮ್ನೆ ಹರಿದು ಹೋಗುವ ತಣ್ಣೀರಿಗೆ ಬಕೆಟ್ಟು ಇಡಿ. ಫ್ಲಶ್ ಟ್ಯಾಂಕು ಸೋರುತ್ತಿದೆಯಾ ನೋಡಲು ಕೇಸರಿಬಾತಿಗೆ ಹಾಕುವ ಬಣ್ಣ ನಾಲ್ಕು ಹನಿ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಬಿಡಿ. ಕೆಳಗೆ ಬಣ್ಣ ಕಂಡರೆ ಸೋರುತ್ತಿದೆ ಅಂತಲೇ. ಸೋರುವ ಟ್ಯಾಂಕಿನಿಂದ ದಿನಕ್ಕೆ ನೂರಾರು ಲೀಟರ್ ಹೋಗಬಹುದು.

ಬಾಟಲಿ ಬಿಟ್ಟು ಗಟ್ಟಿ ಸೋಪಿಗೆ ಮರಳಿ. ಕಾಗದದ ಡಬ್ಬಿಯಲ್ಲಿ ಬರುತ್ತದೆ, ಜಾಸ್ತಿ ದಿನ ಬಾಳುತ್ತದೆ. ಬಿದಿರಿನ ಬ್ರಷ್ ಒಳ್ಳೆಯದು, ಆದರೆ ಅದರ ಎಳೆಗಳು ಸಾಮಾನ್ಯವಾಗಿ ನೈಲಾನ್. ಗೊಬ್ಬರಕ್ಕೆ ಹಾಕುವ ಮೊದಲು ಕಿತ್ತು ತೆಗೆಯಿರಿ. ಹಲ್ಲಿನ ವಿಷಯದಲ್ಲಿ ಮಾತ್ರ ಹಳೆಯದೆಲ್ಲ ಬೇಕು ಅನ್ನುವವಳಲ್ಲ ನಾನು. ಇದ್ದಿಲು ಹಲ್ಲಿನ ಮೇಲ್ಪದರ ಸವೆಸುತ್ತದೆ. ಮಕ್ಕಳಿಗೆ ಫ್ಲೋರೈಡ್ ಪೇಸ್ಟೇ ಇರಲಿ, ಬ್ರಷ್ ಮಾಡುವಾಗ ನಳ ಮುಚ್ಚುವುದನ್ನು ಕಲಿಸಿ.

ಶೌಚಕ್ಕೆ ಇಡುವ ನಮ್ಮ ಚರಗಿಯನ್ನು ಅತಿಥಿಗಳು ಬಂದಾಗ ಬಚ್ಚಿಡುವವರು ಇದ್ದಾರೆ. ಬಚ್ಚಿಡಬೇಡಿ. ಕಾಗದ ಉಳಿಸುತ್ತದೆ, ವೈಪ್ಸ್ ಬೇಕೇ ಆಗುವುದಿಲ್ಲ. ವೈಪ್ಸ್ ಪೊಟ್ಟಣದ ಮೇಲೆ ಏನೇ ಬರೆದಿರಲಿ, ಫ್ಲಶ್ ಮಾಡಬೇಡಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಮುಟ್ಟಿನ ಕಪ್ ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ಪ್ಯಾಡುಗಳಲ್ಲಿ ಬಹುಪಾಲು ಪ್ಲಾಸ್ಟಿಕ್. ನಮ್ಮ ಆಯಂದಿರು ಬಟ್ಟೆಯನ್ನು ಮೂಲೆಯಲ್ಲಿ ಯಾರಿಗೂ ಕಾಣದಂತೆ ಒಣಗಿಸಬೇಕಿತ್ತು. ಇವತ್ತು ಒಗೆದು ಬಳಸುವ ಬಟ್ಟೆ ಪ್ಯಾಡ್ ಆರಿಸಿಕೊಂಡರೆ ಬಿಸಿಲಿಗೇ ಹಾಕಿ, ನಾಚಿಕೆ ಬೇಡ. ಯಾವುದು ಹೊಂದುತ್ತದೋ ಅದು. ಈ ಬಗ್ಗೆ ಮಾತಾಡಲು ನಮ್ಮಲ್ಲಿರುವ ವೈದ್ಯೆಯರು ಯಾರಾದರೂ ಒಂದು ಗಂಟೆ ಕೊಟ್ಟರೆ ದೊಡ್ಡ ಉಪಕಾರ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು ಬೇಗ ಬೇಗ. ದೀಪಾವಳಿ ಮತ್ತು ರಾಜ್ಯೋತ್ಸವ ಎರಡೂ ಸೇರಿ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ 3ಕ್ಕೆ, ಎಂದಿನ ಸಭಾಂಗಣದಲ್ಲಿ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ತಟ್ಟೆ, ಲೋಟ ಮನೆಯಿಂದಲೇ ತನ್ನಿ. ಮಕ್ಕಳ ಛದ್ಮವೇಷಕ್ಕೆ ಹೆಸರು ಆ ವಾರದ ಬುಧವಾರದೊಳಗೆ. ಸದಸ್ಯತ್ವ ನವೀಕರಿಸದವರು ಬಾಗಿಲಲ್ಲೇ ಮಾಡಬಹುದು. ಕನ್ನಡ ತರಗತಿ ಆ ಶನಿವಾರ ಇಲ್ಲ. ಮಕ್ಕಳಿಗೆ ಸೀಗೆಕಾಯಿ ಸೋಸುವುದನ್ನು ಅಂದು ಅಡುಗೆಕೋಣೆಯ ಪಕ್ಕ ತೋರಿಸುತ್ತೇವೆ. ಯಾರ ಮನೆಯಲ್ಲಾದರೂ ತಾಮ್ರದ ಹಂಡೆ ಇದ್ದರೆ ಒಂದು ದಿನಕ್ಕೆ ಕೊಡಿ, ತಿಕ್ಕಿ ಹೊಳೆಯಿಸಿ ಹಿಂತಿರುಗಿಸುವ ಜವಾಬ್ದಾರಿ ನನ್ನದು.

ಇನ್ನೊಂದು. ಈ ಪತ್ರಿಕೆಯ ಪುಟ ಜೋಡಿಸುವುದು, ತಪ್ಪು ತಿದ್ದುವುದು, ಅಂಚೆಗೆ ಹಾಕುವುದು ಈಗ ಇಬ್ಬರ ಕೈಯಲ್ಲಿದೆ. ಅವರಲ್ಲಿ ಒಬ್ಬರು ಜನವರಿಗೆ ಹುಬ್ಬಳ್ಳಿಗೆ ವಾಪಸ್ ಹೊರಟಿದ್ದಾರೆ. ಒಬ್ಬಳಿಂದ ಇದು ಆಗುವುದಿಲ್ಲ, ದಯವಿಟ್ಟು ಬನ್ನಿ. ಕನ್ನಡ ಟೈಪಿಂಗ್ ಬಾರದಿದ್ದರೂ ಪರವಾಗಿಲ್ಲ, ಲಕೋಟೆ ಅಂಟಿಸುವವರೂ ಬೇಕು. ಸಂಕ್ರಾಂತಿ ಸಂಚಿಕೆಗೆ ಬರಹ ಕಳಿಸಲು ಕೊನೆಯ ದಿನ ಡಿಸೆಂಬರ್ 10. ನಿಮ್ಮ ಮನೆಯ ಬಚ್ಚಲಿನಲ್ಲಿ ಏನು ಬದಲಾಯಿತು ಅಂತ ನಾಲ್ಕು ಸಾಲು ಬರೆದು ಕಳಿಸಿ, ಒಂದು ಪುಟ ಅದಕ್ಕೇ ಇಟ್ಟಿದ್ದೇನೆ.