ಆ ಒಂದು ರೂಪಾಯಿ ನಾಣ್ಯದ ಬಗ್ಗೆ, ಗೆಳೆಯನಿಗೆ

ಲೋ ದೋಸ್ತಾ,

ಇದನ್ನು ನಿನಗೊಬ್ಬನಿಗೇ ವಾಟ್ಸಾಪ್‌ನಲ್ಲಿ ಕಳಿಸಬಹುದಿತ್ತು. ಕಳಿಸಿ ಅಳಿಸಿಬಿಡುತ್ತೇನೆ ಅಂತ ಭಯ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಮೂರು ವಾರದಿಂದ ಟಾಸ್ ಬಗ್ಗೆಯೇ ಓದುತ್ತಿದ್ದೇನೆ. ಪರ್ಸಿ ಡಯಕೊನಿಸ್ ಅಂತ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದ ಮೇಷ್ಟ್ರು. ಹುಡುಗನಾಗಿದ್ದಾಗ ಮನೆ ಬಿಟ್ಟು ಜಾದೂಗಾರನ ಹಿಂದೆ ಊರೂರು ಸುತ್ತಿದವರು. ಅವರ ಹತ್ತಿರ ಒಂದು ಯಂತ್ರವಿದೆ. ಸ್ಪ್ರಿಂಗ್ ಬಿಟ್ಟರೆ ನಾಣ್ಯ ಚಿಮ್ಮಿ ಸುತ್ತಿ ಪ್ರತಿ ಸಲವೂ ಅದೇ ಮುಖ ಮೇಲಾಗಿ ಬೀಳುತ್ತದೆ! ಎಷ್ಟು ಜೋರು, ಎಷ್ಟು ಸುತ್ತು, ಅಲ್ಲಿಗೇ ಎಲ್ಲ ತೀರ್ಮಾನ. ನಮ್ಮ ಹೆಬ್ಬೆರಳು ಎರಡು ಸಲ ಒಂದೇ ಥರ ಚಿಮ್ಮುವುದಿಲ್ಲ, ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮುಖ ಬದಲಾಗುತ್ತದೆ, ಹಾಗಾಗಿ ಮೊದಲೇ ಹೇಳಲು ಆಗುವುದಿಲ್ಲ ಅಷ್ಟೇ ಕಣೋ. 2023ರಲ್ಲಿ ಹೊರಬಂದ ಒಂದು ಲೆಕ್ಕದಲ್ಲಿ 48 ಜನ ಸೇರಿ 3,50,757 ಸಲ ಟಾಸ್ ಹಾಕಿದ್ದಾರೆ. ಚಿಮ್ಮುವಾಗ ಮೇಲಿದ್ದ ಮುಖವೇ ಶೇಕಡಾ 50.8 ಸಲ ಮೇಲೆ ಬಂದಿದೆ.

ಹಾಗಾದರೆ ತಿಪಟೂರು ಸ್ಟೇಷನ್ ಬೆಂಚಿನ ಮೇಲೆ ನಾವು ಹಾಕಿದ ಟಾಸ್? ಬೆಂಗಳೂರಲ್ಲಿ ಕೆಲಸ ಒಂದು, ನಾವಿಬ್ಬರು. ನೀನು ಕೊಬ್ಬರಿ ಮಂಡಿಯಲ್ಲೇ ಉಳಿದೆ, ನಾನು ರೈಲು ಹತ್ತಿದೆ. ಹಣೆಬರಹ ಅಂತ ನಾನಂದಾಗಲೆಲ್ಲ ನೀನು ಹೂಂ ಅಂದಿದ್ದೀಯ.

ನಾಣ್ಯ ನಿನ್ನ ಕಡೆ ಬಿದ್ದಿತ್ತು. ನಾನು ಅಂಗೈ ಎತ್ತಿ ಇಣುಕಿದೆ, ಮತ್ತೆ ಮುಚ್ಚಿದೆ, "ನಂದು" ಅಂದೆ. ತೋರಿಸು ಅಂತ ನೀನು ಕೇಳಲಿಲ್ಲ.

1983ರಲ್ಲಿ ಬೆಂಜಮಿನ್ ಲಿಬೆಟ್ ಅಂತ ಮಿದುಳಿನ ವಿಜ್ಞಾನಿಯೊಬ್ಬರು ಒಂದು ಪ್ರಯೋಗ ಮಾಡಿದ್ದರು. ಕೈ ಆಡಿಸೋಣ ಅಂತ ನಮಗೆ ಅನ್ನಿಸುವುದಕ್ಕೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಮೊದಲೇ ಮಿದುಳಿನಲ್ಲಿ ಅಲೆ ಎದ್ದಿರುತ್ತದಂತೆ. ಅದನ್ನು ಓದಿದ ರಾತ್ರಿ ಹಾಯಾಗಿ ನಿದ್ದೆ ಬಂತು. ಸುಳ್ಳು ಹೇಳಿದ್ದು ನಾನಲ್ಲ, ಮಿದುಳು, ಅಲ್ವಾ? ಆಮೇಲೆ ನೋಡಿದರೆ, ಆ ಅಲೆ ತೀರ್ಮಾನವೇ ಅಲ್ಲ, ಮಿದುಳಿನ ಗೊತ್ತುಗುರಿಯಿಲ್ಲದ ಏರಿಳಿತ ಒಟ್ಟಾಗಿದ್ದಿರಬಹುದು ಅಂತ 2012ರಲ್ಲಿ ಬೇರೆಯವರು ತೋರಿಸಿದ್ದಾರೆ. ಅದು ಹಾಗಿರಲಿ. ಲಿಬೆಟ್ ಪ್ರಯೋಗದಲ್ಲಿ ಕೂತವರು ಸುಮ್ನೆ ಕೈ ಆಡಿಸಿದವರು. ನಾನು ಸುಮ್ನೆ ಹೇಳಿದ್ದಲ್ಲ. ಹಿಂದಿನ ವಾರವೆಲ್ಲ ಆ ಕೆಲಸ ನನಗೇ ಬೇಕು ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಅಣುವಿನ ಮಟ್ಟದಲ್ಲಿ ಯಾರೂ ಮೊದಲೇ ಹೇಳಲಾಗದ ಆಟ ನಡೆಯುತ್ತದೆ, ಸರಿ. ಅದೂ ನನ್ನ ಸಹಾಯಕ್ಕೆ ಬರಲಿಲ್ಲ. ಎಲ್ಲ ಮೊದಲೇ ನಿಗದಿಯಾಗಿತ್ತು ಅಂದುಕೊಂಡರೂ, ಒಳಗೆ ಯಾವುದೋ ದಾಳ ಉರುಳಿತು ಅಂದುಕೊಂಡರೂ, "ನಂದು" ಅಂದದ್ದು ಈ ಬಾಯಿ. ಹೀಗೇ ಬೀಳಬೇಕು ಅಂತ ನಾಣ್ಯಕ್ಕೆ ಆಸೆ ಇರಲಿಲ್ಲ. ನನಗಿತ್ತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ಡಯಕೊನಿಸ್ ಯಂತ್ರದ ಕತೆ ನಿನಗೆ ಇಷ್ಟವಾಗುತ್ತದೆ ಅಂತ ಶುರು ಮಾಡಿದ್ದು.

ದಸರಾಕ್ಕೆ ಬರುತ್ತೇನೆ. ಅಮ್ಮನಿಗೆ ಹೇಳು, ಕಾಯಿ ಚಟ್ನಿ ಜಾಸ್ತಿ ಮಾಡಲಿ. ಮೂರನೇ ಇಡ್ಲಿ ನಿನಗೇ, ಟಾಸ್ ಬೇಡ.

ನಿನ್ನ
ಗುಂಡುಪಿನ್ನು