ಮೆಥಡ್ ಎಲ್ಲಿದೆ ಅಂತ ಕಂಪೈಲರ್ ಆದ್ರೂ ಹೇಳ್ಲಿ

ಸಂಪಾದಕರಿಗೆ ನಮಸ್ಕಾರ,

ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಗ್ಗೆ ಬರೆಯೋರೆಲ್ಲ ಸ್ಪೀಡು, ಮೆಮೊರಿ ಸೇಫ್ಟಿ ಅಂತಾನೇ ಬರೀತಾರೆ. ಅದರ ಸ್ಟ್ಯಾಂಡರ್ಡ್ ಲೈಬ್ರರಿ ಟೈಪ್‌ಗಳಿಗೆ (ಡೇಟಾದ ನಮೂನೆಗಳಿಗೆ) ಮೆಥಡ್, ಅಂದ್ರೆ ಆ ಟೈಪ್ ಮೇಲೆ ಕರೆಯೋ ಫಂಕ್ಷನ್, ಸೇರಿಸೋ ರೀತಿ ಬಗ್ಗೆ ಮಾತೇ ಬರಲ್ಲ, ಹೊಸಬ್ರು ಒದ್ದಾಡೋದು ಅಲ್ಲೇ.

ರಸ್ಟ್‌ನಲ್ಲಿ ಕ್ರೇಟ್ ಅಂದ್ರೆ ಕೋಡ್‌ನ ಒಂದು ಪ್ಯಾಕೇಜು. ಒಂದು ಟೈಪ್ ಯಾವ ಕ್ರೇಟ್‌ದೋ ಆ ಕ್ರೇಟ್ ಮಾತ್ರ ಅದಕ್ಕೆ ನೇರವಾಗಿ ಮೆಥಡ್ ಸೇರಿಸ್ಬಹುದು, ಇದು ರೂಲು. ಒಳ್ಳೇ ರೂಲೇ, ಸ್ವಿಫ್ಟ್ ಭಾಷೆ ಥರ ಯಾರು ಬೇಕಾದ್ರೂ ಇಂಟ್‌ಗೆ (ಪೂರ್ಣಾಂಕದ ಟೈಪ್‌ಗೆ) ಮೆಥಡ್ ಸೇರಿಸ್ಲಿ ಅಂತ ನಾನು ಕೇಳ್ತಿಲ್ಲ. ಆದ್ರೆ ಐ32 (ಪೂರ್ಣಾಂಕ), ಎಫ್64 (ದಶಮಾಂಶ ಸಂಖ್ಯೆ), ಸ್ಲೈಸ್ (ಸಾಲಾಗಿರೋ ಡೇಟಾ) ಇವೆಲ್ಲ ಕೋಡ್‌ನ ಯಂತ್ರಭಾಷೆಗೆ ತರ್ಜುಮೆ ಮಾಡೋ ಕಂಪೈಲರ್ ಒಳಗೇ ಇರೋವು, ಯಾವ ಕ್ರೇಟ್‌ದೂ ಅಲ್ಲ. ಅದಕ್ಕೇ ಮುಂಚೆ ಒಂದೊಂದು ಟೈಪ್‌ಗೂ ಲ್ಯಾಂಗ್ ಐಟಂ ಅಂತ ಬೇರೆ ಬೇರೆ ಗುರುತು ಹಾಕಿ ಪರ್ಮಿಶನ್ ಕೊಡ್ಬೇಕಿತ್ತು, 2022ರಲ್ಲಿ ಅದನ್ನ ಕಿತ್ತು ಹಾಕಿ ಸ್ಟ್ಯಾಂಡರ್ಡ್ ಲೈಬ್ರರಿಯ ತಳದಲ್ಲಿರೋ ಕೋರ್ ಅನ್ನೋ ಇಡೀ ಕ್ರೇಟ್‌ಗೆ ಒಂದೇ ಗುರುತು ಸಾಕು ಅಂತ ಮಾಡಿದ್ರು, ನಿಜವಾಗ್ಲೂ ದೊಡ್ಡ ಕೆಲ್ಸ ಅದು.

ಆದ್ರೆ ಅರ್ಧ ಇನ್ನೂ ಬಾಕಿ ಇದೆ, ಒಂದೇ ಟೈಪ್‌ನ ಮೆಥಡ್‌ಗಳು ಬೇರೆ ಬೇರೆ ಕ್ರೇಟ್‌ಗಳಲ್ಲಿ ಹಂಚಿಹೋಗಿವೆ. ಒಂದೇ ಸ್ಲೈಸ್ ತಗೊಳ್ಳಿ, ಅದನ್ನ ಕ್ರಮವಾಗಿ ಜೋಡಿಸೋ ಸಾರ್ಟ್_ಅನ್‌ಸ್ಟೇಬಲ್ ಇರೋದು ಕೋರ್‌ನಲ್ಲಿ, ಬರೀ ಸಾರ್ಟ್ ಇರೋದು ಮೆಮೊರಿ ಕೇಳಿ ಪಡೆಯೋ ಕೋಡ್ ಇರೋ ಅಲಾಕ್ ಕ್ರೇಟ್‌ನಲ್ಲಿ, ಯಾಕಂದ್ರೆ ಅದಕ್ಕೆ ಕೆಲ್ಸ ಮಾಡೋವಾಗ ಸ್ವಲ್ಪ ಎಕ್ಸ್‌ಟ್ರಾ ಮೆಮೊರಿ ಬೇಕು. ಸರಿ, ಇದಕ್ಕೆ ಕಾರಣ ಇದೆ ಒಪ್ಪೋಣ. ಆದ್ರೆ ಆಪರೇಟಿಂಗ್ ಸಿಸ್ಟಂ ಇಲ್ದಿರೋ ಚಿಪ್‌ಗೆ ಅಂತ ಎಸ್‌ಟಿಡಿ (ಆಪರೇಟಿಂಗ್ ಸಿಸ್ಟಂ ನಂಬಿರೋ ಪೂರ್ತಿ ಸ್ಟ್ಯಾಂಡರ್ಡ್ ಲೈಬ್ರರಿ ಕ್ರೇಟ್) ಬಿಟ್ಟು ಕೋಡ್ ಬರೆಯೋಕೆ ಹೋದ್ರೆ ಎಫ್32 ಅನ್ನೋ ದಶಮಾಂಶ ಟೈಪ್‌ನ ಸೈನ್, ಕಾಸ್ ಎಲ್ಲ ಮಾಯ, ಅವು ಎಸ್‌ಟಿಡಿಯಲ್ಲಿವೆ, ಒಳಗೆ ಸಿ ಮ್ಯಾಥ್ ಲೈಬ್ರರಿ ನಂಬ್ಕೊಂಡಿವೆ ಅಂತ. ವರ್ಗಮೂಲದ ಸ್ಕ್ವರ್ಟ್ ಕಥೆನೂ ಇದೇ ಥರ, ಡೆಸ್ಕ್‌ಟಾಪ್, ಮೊಬೈಲ್ ಪ್ರೊಸೆಸರ್‌ಗಳಲ್ಲಿ ಅದು ಒಂದೇ ಇನ್‌ಸ್ಟ್ರಕ್ಷನ್, ಫ್ಲೋಟಿಂಗ್ ಪಾಯಿಂಟ್ ಯೂನಿಟ್ (ದಶಮಾಂಶ ಲೆಕ್ಕ ಮಾಡೋ ಭಾಗ) ಇಲ್ಲದ ಚಿಪ್‌ಗೆ ಸಾಫ್ಟ್‌ವೇರಲ್ಲೇ ಬರೆದಿರೋ ಕೋಡ್ ಇದೆ, ಆದ್ರೂ ಜನ ಹೊರಗಿನ ಕ್ರೇಟ್ ತಂದು, ಅದರ ಟ್ರೇಟ್ (ಬೇರೆ ಕ್ರೇಟ್‌ನ ಟೈಪ್‌ಗೂ ಮೆಥಡ್ ಕೊಡೋ ದಾರಿ) ಇಂಪೋರ್ಟ್ ಮಾಡಿ, ಅದೇ ಹೆಸರಿನ ಮೆಥಡ್ ಕರೀತಾರೆ.

ಗಣಿತದ ಮೆಥಡ್‌ಗಳು ಟೈಪ್ ಜೊತೆ ಒಂದೇ ಕಡೆ ಇರ್ಬೇಕು, ಕೋರ್‌ಗೇ ಬರ್ಬೇಕು. ಮೆಮೊರಿ ಬೇಕಾದವು ಅಲಾಕ್‌ನಲ್ಲೇ ಇರ್ಲಿ, ಆದ್ರೆ ಡಾಕ್ಯುಮೆಂಟೇಶನ್‌ನಲ್ಲಿ ಮೆಥಡ್ ಹೆಸರಿನ ಪಕ್ಕದಲ್ಲೇ ಇದು ಅಲಾಕ್‌ದು ಅಂತ ಬರೀರಿ. ಎರರ್ ಬಂದಾಗ್ಲೂ ಇಂಥಾ ಮೆಥಡ್ ಇಲ್ಲ ಅಂತ ಸುಮ್ನಾಗೋ ಬದ್ಲು ಇದು ಎಸ್‌ಟಿಡಿಯಲ್ಲಿದೆ, ನೀವು ಎಸ್‌ಟಿಡಿ ಆಫ್ ಮಾಡಿದೀರ ಅಂತ ಒಂದು ಸಾಲು ಹೇಳಿದ್ರೆ ಸಾಕು.

ಇಂತಿ,
ಒಬ್ಬ ಓದುಗ